ಲೆಕ್ಕಕ್ಕೆ ಸಿಗದ ಆರುನೂರ ಅರವತ್ತು ಟನ್

ಕೋವಿಡ್ ಬರುವುದಕ್ಕೆ ಎರಡು ವರ್ಷ ಮುಂಚಿನ ಮಾತು. ಆಗ ನಾನು ಎಲೆಕ್ಟ್ರಾನಿಕ್ ಸಿಟಿಯ ಎರಡನೇ ಹಂತದಲ್ಲಿದ್ದ ಒಂದು ಸಣ್ಣ ಎಂಜಿನಿಯರಿಂಗ್ ಕಂಪನಿಯಲ್ಲಿ ಸ್ಟೆಬಿಲಿಟಿ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಕಂಪನಿಯಲ್ಲಿ ಒಟ್ಟು ಅರವತ್ತು ಜನ, ನನ್ನ ವಿಭಾಗದಲ್ಲಿ ನಾಲ್ವರು. ನಮ್ಮ ಕೆಲಸ ಹಡಗುಗಳ ವಿನ್ಯಾಸ. ಸಿಂಗಸಂದ್ರದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಯಾರಾದರೂ "ಮೇಡಂ, ನೀವು ಯಾವ ಸಾಫ್ಟ್‌ವೇರ್‌ನಲ್ಲಿರೋದು?" ಎಂದು ಕೇಳಿದಾಗ ನಾನು "ಹಡಗು" ಎಂದರೆ, ಅವರ ಮಹಡಿ ಬರುವವರೆಗೂ ಮುಂದಿನ ಮಾತಿರುತ್ತಿರಲಿಲ್ಲ.

ನಾನು ರಾಣೆಬೆನ್ನೂರಿನವಳು. ಕೇರಳದಲ್ಲಿ ನೇವಲ್ ಆರ್ಕಿಟೆಕ್ಚರ್ ಓದಿ, ಹನ್ನೊಂದು ವರ್ಷ ಶಿಪ್‌ಯಾರ್ಡಿನಲ್ಲಿ ದುಡಿದು, ಗಂಡನಿಗೆ ಬೆಂಗಳೂರಿಗೆ ವರ್ಗವಾದಾಗ ಇಲ್ಲಿಗೆ ಬಂದೆ. ಸ್ಟೆಬಿಲಿಟಿ ಎಂದರೇನು ಎಂದು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ಗಾಳಿಗೋ ಅಲೆಗೋ ಹಡಗು ಒಂದು ಪಕ್ಕಕ್ಕೆ ವಾಲುತ್ತದೆ. ವಾಲಿದ ಹಡಗಿಗೆ ಮತ್ತೆ ನೆಟ್ಟಗಾಗುವ ಶಕ್ತಿ ಎಷ್ಟಿದೆ ಎಂದು ಲೆಕ್ಕ ಹಾಕುವುದು ನಮ್ಮ ಕೆಲಸ. ಆ ಶಕ್ತಿಯನ್ನು ಹೇಳುವ ಅಂಕಿಗೆ ಜಿ.ಎಂ. ಎನ್ನುತ್ತೇವೆ, ಅದು ಮೀಟರಿನಲ್ಲಿರುತ್ತದೆ. ತೂಕ ತಳದಲ್ಲಿದ್ದಷ್ಟೂ ಜಿ.ಎಂ. ಹೆಚ್ಚು. ತೂಕ ಮೇಲೇರಿದಷ್ಟೂ ಕಡಿಮೆ. ಸೊನ್ನೆಗಿಂತ ಕೆಳಗೆ ಹೋದರೆ ಹಡಗು ನೆಟ್ಟಗೆ ನಿಲ್ಲುವುದನ್ನೇ ಮರೆತುಬಿಡುತ್ತದೆ.

ಆ ವರ್ಷ ನಮ್ಮ ಕಂಪನಿಗೆ ಬಂದ ಗಿರಾಕಿ ಬೇರಾವ ದೇಶದವರೂ ಅಲ್ಲ, ವೈಟ್‌ಫೀಲ್ಡ್ ಪಕ್ಕದ ಹಳ್ಳಿಯ ಮುನಿರಾಜಪ್ಪನವರು. ತಾತನ ಕಾಲದ ರಾಗಿ ಹೊಲ, ದ್ರಾಕ್ಷಿ ತೋಟದ ಮೇಲೆ ಐಟಿ ಕಂಪನಿಗಳ ಕಟ್ಟಡ ಎದ್ದ ಮೇಲೆ ಅವರು ಕಲ್ಯಾಣ ಮಂಟಪ ಕಟ್ಟಿಸಿದರು, ಆಮೇಲೆ ಹೋಟೆಲು, ಆಮೇಲೆ ಎರಡು ರೆಸಾರ್ಟು. ಅರವತ್ತೆರಡನೇ ವಯಸ್ಸಿನಲ್ಲಿ ಹಡಗು ಕೊಂಡರು. ಊರಲ್ಲಿ ಜನ ನಕ್ಕರಂತೆ. ನಕ್ಕವರನ್ನೆಲ್ಲ ಮೊದಲ ಪ್ರಯಾಣಕ್ಕೆ ತಾವೇ ಕರೆದುಕೊಂಡು ಹೋಗುವುದಾಗಿ ಮುನಿರಾಜಪ್ಪ ಸಾರಿಬಿಟ್ಟಿದ್ದರು: ನಾನೂರು ಜನ ಊರಿನವರು, ಬಂಧುಗಳು, ಎಂಬತ್ತೈದು ದಾಟಿದ ಅವರ ತಾಯಿ.

ಅವರು ಕೊಂಡ ಹಡಗಿನ ಚರಿತ್ರೆ ಹೇಳಿದರೆ ಯಾವ ಮನೆಯವರೂ ಸೊಸೆಯಾಗಿ ತಂದುಕೊಳ್ಳುವ ಹಾಗಿರಲಿಲ್ಲ. ಸುಮಾರು ಅರವತ್ತು ವರ್ಷದ ಹಿಂದೆ ಯೂರೋಪಿನಲ್ಲಿ ಕಟ್ಟಿದ್ದು. ಖಂಡದಿಂದ ಖಂಡಕ್ಕೆ ಜನರನ್ನೂ ಅಂಚೆಯನ್ನೂ ಒಯ್ಯುವ ಲೈನರ್ ಅದು. ನೂರ ಐವತ್ತೈದು ಮೀಟರ್ ಉದ್ದ, ಚೂಪು ಮೂತಿ, ಒಂದೇ ಚಿಮಣಿ. ಅದು ನೀರಿಗಿಳಿದು ಐದು ವರ್ಷವಾಗುವಷ್ಟರಲ್ಲಿ ಜೆಟ್ ವಿಮಾನಗಳು ಪ್ರಯಾಣಿಕರನ್ನು ಎತ್ತಿಕೊಂಡು ಹೋದವು. ಎರಡನೇ ಮಾಲೀಕರ ಕೈಯಲ್ಲಿದ್ದಾಗ ಮಂಜಿನಲ್ಲಿ ಬಂದರಿನ ಕಟ್ಟೆಗೆ ಗುದ್ದಿತು. ಮೂರನೆಯವರ ಕಾಲದಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿ ಬೆಂಕಿ ಹತ್ತಿ ನಾಲ್ವರು ಸಿಬ್ಬಂದಿ ತೀರಿಕೊಂಡರು. ಆಮೇಲೆ ಆರು ವರ್ಷ ಸರಪಳಿ ಬಿಗಿದು ನಿಲ್ಲಿಸಿದ್ದರು. ನಾಲ್ಕನೆಯವರು ಅದರ ನೆತ್ತಿ ಕತ್ತರಿಸಿ, ಬಾಲ್ಕನಿ ಕೋಣೆಗಳಿರುವ ಎರಡು ಡೆಕ್ಕುಗಳನ್ನು, ಅಂದರೆ ಮಹಡಿಗಳನ್ನು, ಮೇಲೆ ಕೂರಿಸಿ, ಬಿಳಿ ಬಣ್ಣ ಬಳಿದು ಕ್ರೂಸ್ ಹಡಗು ಮಾಡಿದರು. ಆ ಕಂಪನಿ ಪ್ರವಾಸದ ನಡುವೆಯೇ ದಿವಾಳಿಯಾಗಿ ಪ್ರಯಾಣಿಕರನ್ನು ಯಾವುದೋ ಬಂದರಿನಲ್ಲಿ ಇಳಿಸಿತು. ಐದನೆಯವರು ಅದನ್ನು ಕಟ್ಟೆಗೆ ಕಟ್ಟಿ ಹೋಟೆಲ್ ನಡೆಸಿದರು. ಅಷ್ಟರಲ್ಲಿ ಹಡಗು ಐದು ಹೆಸರು ಬದಲಾಯಿಸಿತ್ತು. ಒಪ್ಪಂದದ ಪ್ರಕಾರ ಅದರ ಕೊನೆಯ ಹೆಸರನ್ನು ನಾನು ಎಲ್ಲೂ ಬರೆಯುವ ಹಾಗಿಲ್ಲ. ಆಫೀಸಿನಲ್ಲಿ ನಾವು 'ಅಜ್ಜಿ' ಎನ್ನುತ್ತಿದ್ದೆವು.

ಅಜ್ಜಿ ಈಗ ಪಶ್ಚಿಮ ಕರಾವಳಿಯ ಒಂದು ಬಂದರಿಗೆ ಬಂದು ನಿಂತಿದ್ದಳು. ಮೇಲಿನ ಡೆಕ್ಕಿನಲ್ಲಿ ಹೊಸದೊಂದು ಔತಣದ ಹಾಲ್, ಪಕ್ಕದಲ್ಲಿ ಈಜುಕೊಳ ಸಿದ್ಧವಾಗುತ್ತಿದ್ದವು. ಎರಡೂ ಸೇರಿ ತೊಂಬತ್ತು ಟನ್. ನಿಯಮ ಹೀಗಿದೆ: ಖಾಲಿ ಹಡಗಿನ ತೂಕ ಹಳೆಯ ದಾಖಲೆಗಿಂತ ಶೇಕಡ ಎರಡಕ್ಕಿಂತ ಹೆಚ್ಚು ಬದಲಾಗದಿದ್ದರೆ ಹೊಸದಾಗಿ ವಾಲಿಕೆ ಪರೀಕ್ಷೆ, ಅಂದರೆ ಹಡಗನ್ನು ಸ್ವಲ್ಪ ವಾಲಿಸಿ ಜಿ.ಎಂ. ಅಳೆಯುವ ಪರೀಕ್ಷೆ, ಮಾಡಬೇಕಿಲ್ಲ. ಅಜ್ಜಿಯ ಖಾಲಿ ತೂಕ ದಾಖಲೆಯಲ್ಲಿ ಹತ್ತು ಸಾವಿರ ಟನ್. ಶೇಕಡ ಎರಡು ಎಂದರೆ ಇನ್ನೂರು. ತೊಂಬತ್ತು ಅದರೊಳಗೇ ಬರುತ್ತದೆ. "ಬದಲಾವಣೆ ಮಿತಿಯೊಳಗಿದೆ, ಪರೀಕ್ಷೆ ಬೇಡ" ಎಂಬ ಒಂದು ಪುಟದ ಘೋಷಣೆಗೆ ಒಬ್ಬ ಅರ್ಹ ಎಂಜಿನಿಯರ್ ಸಹಿ ಹಾಕಬೇಕು. ಆ ಎಂಜಿನಿಯರ್ ನಾನು.

ಮುನಿರಾಜಪ್ಪನವರ ಪರವಾಗಿ ನಮ್ಮೊಂದಿಗೆ ವ್ಯವಹರಿಸುತ್ತಿದ್ದವನು ವಿವೇಕ್. ನಲವತ್ತರ ಆಸುಪಾಸು, ಹೋಟೆಲ್ ಉದ್ಯಮದಿಂದ ಬಂದವನು, ಚುರುಕಿನ ಮನುಷ್ಯ. ಸಹಿಗೆ ಮುಂಚೆ ಎಲ್ಲ ಹಡಗಿಗೂ ಕೇಳುವ ಹಾಗೆ ನಾನು ಎರಡು ಸಂಗತಿ ಕೇಳಿದೆ. ಒಂದು, ಆ ದಿನ ಟ್ಯಾಂಕುಗಳಲ್ಲಿ ಎಷ್ಟು ಎಣ್ಣೆ, ಎಷ್ಟು ನೀರು ಇದೆ ಎಂಬ ಪಟ್ಟಿ. ಇನ್ನೊಂದು, ಹಡಗಿನ ಮೈಮೇಲೆ ನೀರಿನ ಮಟ್ಟ ತೋರಿಸುವ ಗುರುತುಗಳ ಫೋಟೋ. ಫೋಟೋ ಬಂತು. ಪಟ್ಟಿಯ ಪ್ರಕಾರ ಹಡಗು ಎಷ್ಟು ಮುಳುಗಿರಬೇಕಿತ್ತೋ ಅದಕ್ಕಿಂತ ಮೂವತ್ತು ಸೆಂಟಿಮೀಟರ್ ಹೆಚ್ಚು ಮುಳುಗಿತ್ತು. ಈ ಹಡಗು ಒಂದು ಸೆಂಟಿಮೀಟರ್ ಇಳಿಯಬೇಕಾದರೆ ಇಪ್ಪತ್ತೆರಡು ಟನ್ ಬೇಕು. ಮೂವತ್ತು ಇಪ್ಪತ್ತೆರಡಲೆ ಆರುನೂರ ಅರವತ್ತು.

ಆರುನೂರ ಅರವತ್ತು ಟನ್ ಯಾವ ಕಾಗದದಲ್ಲೂ ಇರಲಿಲ್ಲ. ಹೊಸ ಹಾಲ್ ಮತ್ತು ಈಜುಕೊಳದ ತೂಕ ಸೇರಿಸಿಕೊಂಡ ಮೇಲಿನ ಕಥೆ ಇದು. ನಾನು ವಿವೇಕ್‌ಗೆ ಫೋನ್ ಮಾಡಿದೆ.

"ಅಲೆ ಇತ್ತೇನೋ ಮೇಡಂ, ಫೋಟೋ ತೆಗೆಯೋವಾಗ" ಎಂದ.

"ಬಂದರಿನ ಒಳಗೆ ಮೂವತ್ತು ಸೆಂಟಿಮೀಟರ್ ಅಲೆ ಎಲ್ಲಿಂದ ಬರುತ್ತೆ ವಿವೇಕ್? ಅದೂ ಮುಂದೆ, ಹಿಂದೆ, ಮಧ್ಯೆ, ಎರಡೂ ಪಕ್ಕ, ಆರೂ ಕಡೆ ಒಂದೇ ಥರ?"

"ಹಳೇ ಹಡಗು ಅಲ್ವಾ ಮೇಡಂ. ಸ್ವಲ್ಪ ದಪ್ಪ ಆಗಿರುತ್ತೆ. ನಮ್ಮ ಹಾಗೆ" ಎಂದು ನಕ್ಕ.

ತಮಾಷೆಯಲ್ಲೇ ಅವನು ನಿಜ ಹೇಳಿದ್ದ. ಹಡಗುಗಳು ವಯಸ್ಸಾದಂತೆ ದಪ್ಪಗಾಗುತ್ತವೆ. ಬಣ್ಣದ ಮೇಲೆ ಬಣ್ಣ, ಹಳೆಯ ಕೇಬಲ್ ಕೀಳದೆ ಹೊಸ ಕೇಬಲ್. ಆದರೆ ಅದರಿಂದ ನೂರು ಟನ್ ಆಗಬಹುದು, ಇನ್ನೂರು ಆಗಬಹುದು. ಉಳಿದದ್ದು ಎಲ್ಲಿದೆ? ತಳದಲ್ಲಿದ್ದರೆ ಚಿಂತೆಯಿಲ್ಲ. ನೆತ್ತಿಯ ಮೇಲಿದ್ದರೆ? ಮೂರು ದಿನ ರೇಖಾಚಿತ್ರಗಳನ್ನು ಹರಡಿಕೊಂಡು ಕೂತರೂ ಉತ್ತರ ಸಿಗಲಿಲ್ಲ. ನಾಲ್ಕನೆಯ ದಿನ ಬೆಳಗಿನ ವಿಮಾನ ಹತ್ತಿ ಹಡಗಿಗೇ ಹೋದೆ.

ಅಲ್ಲಿ ಸಿಕ್ಕವರು ಲಿಯೋ ಡಿಸೋಜ. ಮಂಗಳೂರಿನ ಕಡೆಯವರು, ಹಡಗಿನ ಸೆಕೆಂಡ್ ಎಂಜಿನಿಯರ್. ಮೂವರು ಮಾಲೀಕರನ್ನು ಕಂಡು, ಇಪ್ಪತ್ತೆರಡು ವರ್ಷ ಅದೇ ಹಡಗಿನಲ್ಲಿ ಸವೆದವರು. ಆ ಕ್ರೂಸ್ ಕಂಪನಿ ದಿವಾಳಿಯಾದಾಗ ಊರಿಗೆ ಹೋಗಲು ದಾರಿಯಿಲ್ಲದೆ ಹತ್ತು ತಿಂಗಳು ಹಡಗಿನಲ್ಲೇ ಗಂಜಿ ಬೇಯಿಸಿಕೊಂಡು ಬದುಕಿದ ಹದಿನಾಲ್ಕು ಜನರಲ್ಲಿ ಅವರೂ ಒಬ್ಬರು. ನನ್ನನ್ನು ನೋಡಿ ಮೊದಲು ಅವರಿಗೂ ಅನುಮಾನವೇ.

"ಬೆಂಗಳೂರಿಂದ ಬಂದದ್ದಾ? ಎಂತ ನೋಡ್ಲಿಕ್ಕೆ?"

"ಕಾಗದದಲ್ಲಿ ಇಲ್ಲದ ಆರುನೂರ ಅರವತ್ತು ಟನ್ ಹುಡುಕೋಕೆ."

ಅವರು ಟಾರ್ಚ್ ತಗೊಂಡು "ಬನ್ನಿ" ಎಂದರು.

ಅಂದು ಐದು ಗಂಟೆ ನಾವು ಹಡಗಿನ ಹೊಟ್ಟೆಯಿಂದ ನೆತ್ತಿಯವರೆಗೆ ತಿರುಗಾಡಿದೆವು. ಬೆಂಕಿ ಬಿದ್ದ ಭಾಗದಲ್ಲಿ ಸುಟ್ಟ ತೊಲೆಗಳನ್ನು ತೆಗೆಯದೆ ಅವುಗಳ ಮೇಲೆಯೇ ಹೊಸ ಉಕ್ಕು ಬೆಸೆದಿದ್ದರು. ಸ್ನಾನದ ಮನೆಗಳಲ್ಲಿ ಟೈಲ್ಸ್ ಮೇಲೆ ಟೈಲ್ಸ್, ಮೂರು ಪದರ. ಹಳೆಯ ಜೂಜಿನ ಕೋಣೆಯ ನೆಲಕ್ಕೆ ಗ್ರಾನೈಟ್. ನಡೆಯುತ್ತಲೇ ಲಿಯೋ ಒಂದು ಮಾತು ಹೇಳಿದರು.

"ಮೇಡಂ, ನಾನು ಸೇರುವಾಗಲೇ ಈ ಹಡಗು ಸೋಮಾರಿ. ಬೇರೆ ಹಡಗು ವಾಲಿದ್ರೆ ಪಟಕ್ ಅಂತ ಎದ್ದು ನಿಲ್ತದೆ. ಇದು ವಾಲಿದ ಮೇಲೆ ಅಲ್ಲೇ ಸ್ವಲ್ಪ ಯೋಚನೆ ಮಾಡ್ತದೆ, ಏಳುವುದಾ ಬೇಡವಾ ಅಂತ. ಪ್ಯಾಸೆಂಜರ್‌ಗಳಿಗೆ ಖುಷಿ. ಕುಲುಕುವುದೇ ಇಲ್ಲ, ತೊಟ್ಟಿಲ ಹಾಗೆ ಉಂಟು ಅಂತಾರೆ. ನನಗೆ ಮಾತ್ರ ನಿದ್ದೆ ಬರುವುದಿಲ್ಲ."

ತೊಟ್ಟಿಲಿನ ಹಾಗೆ ನಿಧಾನವಾಗಿ ತೂಗುವ ಹಡಗು ಎಂದರೆ ಜಿ.ಎಂ. ಕಡಿಮೆಯಿರುವ ಹಡಗು. ನಮ್ಮ ವೃತ್ತಿಯ ಮೊದಲ ಪಾಠ ಇದು.

ಕೊನೆಗೆ ಕ್ರೂಸ್ ಹಡಗು ಮಾಡುವಾಗ ಸೇರಿಸಿದ ಆ ಎರಡು ಡೆಕ್ಕುಗಳಿಗೆ ಬಂದೆವು. ರೇಖಾಚಿತ್ರದಲ್ಲಿ ಅವು ಅಲ್ಯೂಮಿನಿಯಂ. ಎತ್ತರದಲ್ಲಿ ತೂಕ ಬೇಡವೆಂದೇ ಅಲ್ಯೂಮಿನಿಯಂ ಬಳಸುವುದು. ಗೋಡೆ ಬಡಿದು ನೋಡಿದೆ. ದಪ್ಪ ಬಣ್ಣದ ಕೆಳಗೆ ಏನೂ ತಿಳಿಯುವಂತಿರಲಿಲ್ಲ. "ಲಿಯೋ ಅವರೇ, ಮ್ಯಾಗ್ನೆಟ್ ಇದೆಯಾ?"

ಬೆಸುಗೆಯವರು ಬಳಸುವ ತ್ರಿಕೋನದ ಮ್ಯಾಗ್ನೆಟ್ ತಂದುಕೊಟ್ಟರು. ಅಲ್ಯೂಮಿನಿಯಮ್ಮಿಗೆ ಅದು ಅಂಟಬಾರದು. ಗೋಡೆಯ ಹತ್ತಿರ ಒಯ್ದೆ. ಟಪ್ ಎಂದು ಕಚ್ಚಿಕೊಂಡಿತು. ಪಕ್ಕದ ಗೋಡೆಗೂ ಕಚ್ಚಿಕೊಂಡಿತು. ಛಾವಣಿಗೂ. ಎರಡೂ ಡೆಕ್ಕಿನಲ್ಲಿ ಇಪ್ಪತ್ತೆಂಟು ಜಾಗದಲ್ಲಿ ನೋಡಿದೆ, ಇಪ್ಪತ್ತೆಂಟರಲ್ಲೂ ಉಕ್ಕು. ಯಾವನೋ ಪುಣ್ಯಾತ್ಮ ಕಾಗದದಲ್ಲಿ ಅಲ್ಯೂಮಿನಿಯಂ ಬರೆದು ಹಡಗಿನ ತಲೆಯ ಮೇಲೆ ಉಕ್ಕು ಹೊರಿಸಿದ್ದ. ಅದರ ಮೇಲೆ ಈಗ ನಾವು ಹಾಲ್ ಕಟ್ಟುತ್ತಿದ್ದೆವು, ಈಜುಕೊಳ ತುಂಬಿಸುವವರಿದ್ದೆವು, ನಾನೂರು ಜನರನ್ನು ಕುಣಿಸುವವರಿದ್ದೆವು.

ಲಿಯೋ ಮ್ಯಾಗ್ನೆಟ್ ಕಿತ್ತು ಜೇಬಿಗೆ ಹಾಕಿಕೊಂಡರು. "ಈಗ ಬರೆಯುವವರು ಉಂಟಾ ಇದನ್ನು?" ಎಂದರು.

"ನಾನು ಬರೀತೀನಿ" ಎಂದೆ.

ಬರೆದೆ. ನಾಲ್ಕು ಪುಟ. ಕೊನೆಯ ಸಾಲು: ಸಂಪೂರ್ಣ ವಾಲಿಕೆ ಪರೀಕ್ಷೆ ನಡೆಯದೆ ಈ ಹಡಗು ಪ್ರಯಾಣಿಕರನ್ನು ಹತ್ತಿಸಿಕೊಳ್ಳಬಾರದು. ಮೊದಲ ಪ್ರಯಾಣಕ್ಕೆ ಇನ್ನು ಐದು ವಾರ ಉಳಿದಿತ್ತು.

ಸೋಮವಾರ ನಮ್ಮ ಕಂಪನಿಯ ಮುಖ್ಯಸ್ಥ ಮುರಳೀಧರ್ ಕರೆದರು. ಹದಿನಾಲ್ಕು ವರ್ಷ ಜೊತೆಗೆ ಕೆಲಸ ಮಾಡಿದವರು, ಒಳ್ಳೆಯವರು. ಕೋಣೆಯಲ್ಲಿ ವಿವೇಕ್ ಕೂಡ ಇದ್ದ.

"ಪರೀಕ್ಷೆ ಅಂದ್ರೆ ಹಡಗು ಖಾಲಿ ಮಾಡ್ಬೇಕು, ಟ್ಯಾಂಕ್ ಒಣಗಿಸ್ಬೇಕು, ಒಳಗಿನ ಕೆಲಸ ಎರಡು ವಾರ ನಿಲ್ಲಿಸ್ಬೇಕು" ಎಂದ ವಿವೇಕ್. "ಇನ್ವಿಟೇಶನ್ ಹಂಚಿ ಆಗಿದೆ ಮೇಡಂ. ಸುಮ್ನೆ ಒಂದು ನಂಬರ್ ವಿಷಯಕ್ಕೆ ಇಷ್ಟೊಂದು ಯಾಕೆ ಕಣ್ರೀ? ಇದೇ ಹಡಗು ಅಲ್ಲಿಂದ ಇಲ್ಲಿವರೆಗೆ ತೇಲ್ಕೊಂಡು ಬಂದಿಲ್ವಾ?"

"ತಳದ ಟ್ಯಾಂಕೆಲ್ಲ ತುಂಬ್ಕೊಂಡು, ಮೇಲೆ ಒಬ್ಬ ಪ್ರಯಾಣಿಕನೂ ಇಲ್ಲದೆ ಬಂತು" ಎಂದೆ. "ಪ್ರಯಾಣದ ಕೊನೇ ದಿನ ಆ ಟ್ಯಾಂಕ್‌ಗಳು ಅರ್ಧ ಖಾಲಿ ಆಗಿರುತ್ತೆ. ಜನ ಎಲ್ಲ ಮೇಲೆ ಇರ್ತಾರೆ. ಕೊಳದಲ್ಲಿ ನೀರಿರುತ್ತೆ, ಹಡಗು ವಾಲಿದ ಕಡೆಗೇ ಅದೂ ಓಡುತ್ತೆ. ಆಗ?"

ಮುರಳೀಧರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಶಶಿಕಲಾ, ಫೋಟೋ, ಮ್ಯಾಗ್ನೆಟ್ಟು ನೋಡಿ ಹೇಳೋದು ನಿಮ್ಮ ಅನುಮಾನ ಅಷ್ಟೇ. ಅನುಮಾನದ ಮೇಲೆ ಕ್ಲೈಂಟ್ ಕೆಲಸ ನಿಲ್ಲಿಸೋಕಾಗುತ್ತಾ?"

"ಅನುಮಾನ ಅಂತಾನೇ ಇಟ್ಕೊಳ್ಳಿ ಸಾರ್. ಅನುಮಾನ ಇರೋ ಕಡೆ ಸಹಿ ಹೇಗೆ ಹಾಕ್ಲಿ? ಪರೀಕ್ಷೆ ಮಾಡ್ಸಿ. ನಾನು ತಪ್ಪಾದ್ರೆ ಅವತ್ತೇ ರಾಜೀನಾಮೆ ಕೊಡ್ತೀನಿ."

ಅವರು ಕಿಟಕಿಯ ಕಡೆ ನೋಡುತ್ತಾ, "ನೀವು ಹಾಕ್ಬೇಡಿ ಬಿಡಿ. ನಾನೂ ನೇವಲ್ ಆರ್ಕಿಟೆಕ್ಟೇ. ನಾನೇ ಹಾಕ್ತೀನಿ" ಎಂದರು.

ಆ ಕ್ಷಣದಲ್ಲಿ ನನಗಾದದ್ದು ಭಯವಲ್ಲ, ಅವಮಾನವೂ ಅಲ್ಲ. ಸಿಟ್ಟು. ಕಿವಿ ಬಿಸಿಯಾಗುವಂಥ ಸಿಟ್ಟು. ಮಧ್ಯಾಹ್ನದ ಹೊತ್ತಿಗೆ ನನ್ನನ್ನು ಆ ಪ್ರಾಜೆಕ್ಟಿನಿಂದ ತೆಗೆದು ಒಂದು ಮರಳು ಸಾಗಿಸುವ ದೋಣಿಯ ಕೆಲಸಕ್ಕೆ ಹಾಕಿದ ಇಮೇಲ್ ಬಂತು. ಕ್ಲೈಂಟಿನ ಜೊತೆ ನೇರವಾಗಿ ಯಾರೂ ಮಾತಾಡಕೂಡದು ಎಂಬ ನಿಯಮವನ್ನೂ ಅದರಲ್ಲಿ ನೆನಪಿಸಿದ್ದರು.

ಮರುದಿನ ರಜೆ ಹಾಕಿ ಮುನಿರಾಜಪ್ಪನವರ ಮನೆಗೆ ಹೋದೆ.

ಸುತ್ತ ಗಾಜಿನ ಕಟ್ಟಡಗಳು, ಮಧ್ಯೆ ಹಳೆಯ ಮನೆ, ಅಂಗಳದಲ್ಲಿ ಎರಡು ಸೀಮೆಹಸು. ಅವರು ಜಗುಲಿಯಲ್ಲಿ ಪಂಚೆ ಉಟ್ಟು ಪೇಪರ್ ಓದುತ್ತಿದ್ದರು. ನಾನು ಯಾರೆಂದು ಹೇಳಿದೆ. ಬಂದದ್ದು ಕಂಪನಿಯ ನಿಯಮಕ್ಕೆ ವಿರುದ್ಧ ಎಂಬುದನ್ನೂ ಹೇಳಿದೆ. ಆರುನೂರ ಅರವತ್ತು ಟನ್ನಿನ ಕಥೆ ಹೇಳಿದೆ. ಅವರ ಮುಖ ಕೆಂಪಾಯಿತು.

"ಏನಮ್ಮಾ, ನನ್ನ ಅಡಗು ಮುಳುಗ್ತದೆ ಅಂತ ಏಳಕ್ಕೆ ನನ್ನ ಮನೇಗೇ ಬಂದಿದ್ದೀಯಾ? ಊರೆಲ್ಲ ನಗ್ತಾವ್ರೆ, ನೀನೊಬ್ಳು ಬಾಕಿ ಇದ್ದೆ!"

"ನಾನು ನಗ್ತಾ ಇಲ್ಲ ಸಾರ್. ನಿಮ್ಮ ತಾಯಿ ಹತ್ತೋ ಹಡಗು ಅದು. ನನ್ನ ತಾಯೀನ ನಾನು ಅದ್ರಲ್ಲಿ ಹತ್ತಿಸಲ್ಲ. ಅದನ್ನ ನಿಮ್ಮ ಮುಂದೆ ಹೇಳೋಕೆ ಬಂದೆ."

ಅವರು ಪೇಪರ್ ಮಡಚಿದರು. ಒಳಗಿನಿಂದ ಕಾಫಿ ಬಂತು. ತಾವು ಕುಡಿಯಲಿಲ್ಲ, ನನಗೆ ಕುಡಿ ಎಂದು ಕೈ ಮಾಡಿದರು. ಆಮೇಲೆ ಕೇಳಿದರು: "ಮೇಲ್ಗಡೆ ತೂಕ ಜಾಸ್ತಿ ಆಗೈತೆ ಅಂತೀಯ. ಉಲ್ಲಿನ ಗಾಡಿ ಇದ್ದಂಗಾ?"

"ಹೌದು ಸಾರ್."

"ನಮ್ಮಪ್ಪ ಒಂದ್ಸಲ ಆಸೆಗೆ ಬಿದ್ದು ಎತ್ರುಕ್ಕೆ ಉಲ್ಲು ಏರ್ದ. ಕೆರೆ ಏರಿ ತಿರುವ್ನಾಗೆ ಗಾಡಿ ಮಗುಚ್ಕೊಂತು. ಒಂದು ಎತ್ತಿನ ಕಾಲು ಓಯ್ತು." ಪೇಪರನ್ನು ಪಕ್ಕಕ್ಕಿಟ್ಟರು. "ಆ ಇವೇಕ ಏನಂತಾನೆ?"

"ಪರೀಕ್ಷೆ ಬೇಡ ಅಂತಾರೆ."

"ಪರೀಕ್ಷೆ ಮಾಡುದ್ರೆ ಏನ್ ಕಳ್ಕಂತೀವಿ?"

"ಎರಡು ವಾರ."

"ಮಾಡು" ಎಂದರು. "ನನ್ನ ಕಣ್ಣೆದುರ್ಗೇ ಮಾಡು. ನಿನ್ ಮಾತು ಸುಳ್ಳಾದ್ರೆ ಮಾತ್ರ ನಿನ್ನ ಬಿಡಾಕಿಲ್ಲ ನಾನು."

"ಬಿಡ್ಬೇಡಿ" ಎಂದು ಎದ್ದು ಬಂದೆ.

ಮಾಲೀಕರೇ ಪರೀಕ್ಷೆ ಬೇಕೆಂದ ಮೇಲೆ ಬೇಡ ಎನ್ನುವವರು ಯಾರು? ಆದರೂ ಆಫೀಸಿನಲ್ಲಿ ನನಗೆ ಶಿಸ್ತು ಉಲ್ಲಂಘನೆಯ ಪತ್ರ ಸಿಕ್ಕಿತು. ಮೂರು ದಿನದಲ್ಲಿ ಕ್ಷಮೆ ಕೇಳಿ ಉತ್ತರ ಕೊಡಬೇಕೆಂದಿತ್ತು. ಕೊಡಲಿಲ್ಲ. ಉತ್ತರವನ್ನು ಹಡಗೇ ಕೊಡಲಿ ಎಂದುಕೊಂಡೆ. ಜಿಗಣಿಯ ಒಂದು ವರ್ಕ್‌ಶಾಪಿನಲ್ಲಿ ಪರೀಕ್ಷೆಯ ಲೋಲಕಗಳಿಗೆ ಬೇಕಾದ ಮೂರು ಉಕ್ಕಿನ ಗುಂಡು ಮಾಡಿಸಿಕೊಂಡು ಬಂದರಿಗೆ ಹೊರಟೆ.

ವಾಲಿಕೆ ಪರೀಕ್ಷೆ ಬಹಳ ಸರಳ. ಗಾಳಿಯಿಲ್ಲದ ಹೊತ್ತಿನಲ್ಲಿ, ಕಟ್ಟಿದ ಹಗ್ಗ ಸಡಿಲಿಸಿ, ತೂಕ ಗೊತ್ತಿರುವ ಭಾರವೊಂದನ್ನು ಡೆಕ್ಕಿನ ಈ ಅಂಚಿನಿಂದ ಆ ಅಂಚಿಗೆ ಇಡುವುದು. ಹಡಗು ಸ್ವಲ್ಪ ವಾಲುತ್ತದೆ. ಒಳಗೆ ತೂಗುಬಿಟ್ಟ ದಾರ ಎಷ್ಟು ಸರಿಯಿತು ಎಂದು ಅಳೆಯುವುದು. ಹೆಚ್ಚು ಸರಿದಷ್ಟೂ ಹಡಗು ದುರ್ಬಲ. ನಮ್ಮ ಭಾರ ಹತ್ತತ್ತು ಟನ್ನಿನ ಎರಡು ಕಾಂಕ್ರೀಟ್ ದಿಮ್ಮಿ, ಹದಿನೈದು ಮೀಟರ್ ಸರಿಸಬೇಕು. ಮೂರು ಮೀಟರ್ ಉದ್ದದ ದಾರಗಳನ್ನು ಮೂರು ಕಡೆ ಇಳಿಬಿಟ್ಟು, ಗುಂಡುಗಳು ಅಲ್ಲಾಡದಿರಲೆಂದು ಎಣ್ಣೆಯ ತೊಟ್ಟಿಯಲ್ಲಿ ಮುಳುಗಿಸಿದ್ದೆವು. ಹಳೆಯ ದಾಖಲೆ ಸರಿಯಾಗಿದ್ದರೆ ಎರಡೂ ದಿಮ್ಮಿ ಸರಿದ ಮೇಲೆ ದಾರ ಎಂಟು ಸೆಂಟಿಮೀಟರಿನಷ್ಟು ಓಡಬೇಕು.

ಬೆಳಗಿನ ಆರೂವರೆ. ನೀರು ಕನ್ನಡಿಯ ಹಾಗಿತ್ತು. ತಪಾಸಣಾ ಸಂಸ್ಥೆಯ ಸರ್ವೇಯರ್ ಒಂದು ದಾರದ ಬಳಿ, ಮುರಳೀಧರ್ ಇನ್ನೊಂದರ ಬಳಿ, ನಾನು ಮೂರನೆಯದರ ಬಳಿ. ಮುನಿರಾಜಪ್ಪ ನನ್ನ ಪಕ್ಕದಲ್ಲಿ ನಿಂತರು. ಜಾಗ ಬಿಟ್ಟು ಕದಲಬಾರದು ಎಂದಿದ್ದೆ. ಬಿಳಿ ಪಂಚೆಯ ಆ ಭಾರಿ ಮನುಷ್ಯ ಕಂಬದ ಹಾಗೆ ನಿಂತುಬಿಟ್ಟರು. ಹಡಗಿನ ಮಧ್ಯೆ ಬಾಗಿಲಿಗೆ ಒರಗಿ ವಿವೇಕ್ ಇದ್ದ. ಲಿಯೋ ವಾಕಿಟಾಕಿಯಲ್ಲಿ ಕ್ರೇನಿನವನಿಗೆ ಹೇಳಿದರು: "ಎತ್ತು."

ಮೊದಲ ದಿಮ್ಮಿ ಸರಿಯಿತು. ಗುರುತು ಹಾಕಿದ ಮರದ ಪಟ್ಟಿಯ ಮೇಲೆ ದಾರ ಸೊನ್ನೆಯಿಂದ ಹೊರಟಿತು. ನಾಲ್ಕು ಸೆಂಟಿಮೀಟರಿಗೆ ನಿಲ್ಲಬೇಕಿತ್ತು. ಐದು ದಾಟಿತು, ಏಳು ದಾಟಿತು. ಒಂಬತ್ತೂಮುಕ್ಕಾಲಿಗೆ ನಿಂತಿತು. ಅಂಕಿ ಬರೆದುಕೊಂಡೆ. ಗೆದ್ದೆ ಎಂದು ಅನಿಸಲೇ ಇಲ್ಲ. ಆ ದಾರ ಹಿಂದಕ್ಕೆ ಬರಲಿ ಎಂದೇ ಮನಸ್ಸು ಬೇಡುತ್ತಿತ್ತು.

ಎರಡನೇ ದಿಮ್ಮಿ ಸರಿಯಿತು. ದಾರ ಹತ್ತೊಂಬತ್ತೂಮುಕ್ಕಾಲು ಸೆಂಟಿಮೀಟರಿಗೆ ಹೋಗಿ ನಿಂತಿತು. ಕಾಲಡಿಯ ನೆಲ ವಾಲಿದ್ದು ಎಲ್ಲರಿಗೂ ತಿಳಿಯುತ್ತಿತ್ತು. ಮುನಿರಾಜಪ್ಪ ದಾರವನ್ನೇ ನೋಡುತ್ತಿದ್ದರು.

"ಇಪ್ಪತ್ತು ಟನ್ನಿಗೆ ಇಂಗೆ ವಾಲ್ತಾ?" ಎಂದರು ಮೆಲ್ಲಗೆ. "ನಾನೂರು ಜನ ಡಾಲ್ಫಿನ್ ನೋಡಾಕೆ ಅಂತ ಒಂದೇ ಕಡೆ ಓಡುದ್ರೆ ಎಷ್ಟಾಯ್ತದಮ್ಮಾ?"

"ಇಪ್ಪತ್ನಾಲ್ಕು ಟನ್ನಿನ ಮೇಲೆ" ಎಂದೆ.

ಆಚೆ ಕಡೆಯಿಂದ ಮುರಳೀಧರ್ ತಮ್ಮ ದಾರದ ಅಂಕಿ ಕೂಗಿ ಹೇಳಿದರು. ಅದೂ ಹತ್ತೊಂಬತ್ತು ದಾಟಿತ್ತು. ಒಂದೂವರೆ ಗಂಟೆಯಲ್ಲಿ ಎರಡೂ ಪಕ್ಕಕ್ಕೆ ಎಂಟು ಸಲ ಸರಿಸಿ ನೋಡಿದೆವು. ಜಿ.ಎಂ. ತೊಂಬತ್ತು ಸೆಂಟಿಮೀಟರ್ ಇರಬೇಕಾದ ಕಡೆ ಮೂವತ್ತೆಂಟು ಇತ್ತು. ಅದು ಖಾಲಿ ಕೊಳ, ಖಾಲಿ ಡೆಕ್ಕಿನ ಲೆಕ್ಕ. ಜನರನ್ನೂ ಕೊಳದ ನೀರನ್ನೂ ಕೂಡಿಸಿ, ತಳದ ಎಣ್ಣೆ ಕಳೆದರೆ ಅಂಕಿ ಸೊನ್ನೆಗಿಂತ ಕೆಳಗಿಳಿಯುತ್ತಿತ್ತು. ಸರ್ವೇಯರ್ ಅಲ್ಲೇ ಪ್ರಯಾಣಕ್ಕೆ ತಡೆ ಬರೆದರು.

ವಿವೇಕ್ ಹಡಗಿನಿಂದ ಇಳಿದು ಹೋದ. ಮುರಳೀಧರ್ ನನ್ನ ಬಳಿ ಬಂದು, "ನಾನು ಆ ಘೋಷಣೆಗೆ ಸಹಿ ಹಾಕಿ ಬ್ಯಾಗಲ್ಲಿಟ್ಕೊಂಡಿದ್ದೆ ಶಶಿಕಲಾ" ಎಂದರು. ಅದನ್ನು ಹರಿದು ನನ್ನ ಕೈಗೆ ಕೊಟ್ಟರು. ನಾನು ಸಮಾಧಾನ ಹೇಳಲಿಲ್ಲ. ಹೇಳಬೇಕು ಎಂದು ಇವತ್ತಿಗೂ ಅನಿಸಿಲ್ಲ.

ಮುನಿರಾಜಪ್ಪ ಊರಿಗೆ ಹೋಗಿ ನಾನೂರು ಜನರಿಗೂ ತಾವೇ ಹೇಳಿದರು, ಹಡಗು ಈಗ ಹೊರಡುವುದಿಲ್ಲ, ತೂಕ ಸರಿಯಿಲ್ಲ ಎಂದು. ಜನ ಮತ್ತೆ ನಕ್ಕರಂತೆ. ಆಮೇಲೆ ನಮ್ಮ ಆಫೀಸಿಗೆ ಬಂದು ಕೇಳಿದರು: "ಏರಿಸಿದ್ದ ಇಳಿಸಾಕಾಯ್ತದಾ?"

"ಆಗುತ್ತೆ. ಆ ಎರಡು ಡೆಕ್ಕೂ ಹೋಗ್ಬೇಕು. ನಿಮ್ಮ ಹಾಲ್, ಕೊಳ ಎಲ್ಲಾ ಹೋಗುತ್ತೆ."

"ಓಗ್ಲಿ. ಈಯಮ್ಮನೇ ಮಾಡ್ಬೇಕು" ಎಂದು ನನ್ನನ್ನು ತೋರಿಸಿದರು.

ನಾನು ಮುರಳೀಧರ್ ಅವರ ಕಡೆ ತಿರುಗಿ, ಮೊದಲು ಆ ಶಿಸ್ತಿನ ಪತ್ರ ಹಿಂದಕ್ಕೆ ಪಡೆಯಬೇಕು, ಲಿಖಿತವಾಗಿ, ಆಮೇಲೆ ಕೆಲಸ ಎಂದೆ. ಗಿರಾಕಿಯ ಎದುರಿಗೇ ಹೇಳಿದೆ. ಕೆಲವರಿಗೆ ಅದು ಒರಟುತನವೆನಿಸಿತು. ಪತ್ರ ಅರ್ಧ ಗಂಟೆಯಲ್ಲಿ ಬಂತು.

ಏಳು ತಿಂಗಳು ಹಿಡಿಯಿತು. ಉಕ್ಕಿನ ಡೆಕ್ಕುಗಳನ್ನು ಕತ್ತರಿಸಿ ಇಳಿಸಿದಾಗ ಲಿಯೋ ನನಗೊಂದು ಫೋಟೋ ಕಳಿಸಿದರು. ಚೂಪು ಮೂತಿ, ತಗ್ಗಿನ ಬೆನ್ನು, ಒಂದೇ ಚಿಮಣಿ. ನಲವತ್ತು ವರ್ಷ ತಲೆಯ ಮೇಲೆ ಹೊತ್ತದ್ದನ್ನು ಇಳಿಸಿ ಹಡಗು ತನ್ನ ಹರೆಯದ ಆಕಾರಕ್ಕೆ ಬಂದಿತ್ತು. ಹೊಸ ಪರೀಕ್ಷೆಯಲ್ಲಿ ಜಿ.ಎಂ. ಒಂದು ಮೀಟರ್ ಹತ್ತು ಸೆಂಟಿಮೀಟರ್. ಮೊದಲ ಪ್ರಯಾಣದಲ್ಲಿ ಮುನಿರಾಜಪ್ಪನವರ ತಾಯಿ ಡೆಕ್ಕಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು, "ಇದೇನು ಇಂಗೆ ಕುಲುಕ್ತದೆ?" ಎಂದು ಬೈದರಂತೆ. ಬಲವಿರುವ ಹಡಗು ಕುಲುಕುತ್ತದೆ. ನನಗೆ ಬಹಳ ಸಂತೋಷವಾಯಿತು.

ಆದರೆ ಹಡಗಿನ ಹಣೆಬರಹ ಬದಲಾಗಲಿಲ್ಲ. ಆರು ಪ್ರಯಾಣ ಮಾಡಿತು. ಏಳನೆಯದಕ್ಕೆ ಮುಂಚೆ ಕೋವಿಡ್ ಬಂತು. ಬಂದರಿನಲ್ಲಿ ನಿಂತೇ ತುಕ್ಕು ಹಿಡಿಯಿತು. ಕೊನೆಗೆ ಒಡೆಯುವವರಿಗೆ ಮಾರಬೇಕಾಯಿತು. ಮುನಿರಾಜಪ್ಪ ಫೋನ್ ಮಾಡಿ, "ನಿನ್ನ ಕೆಲಸ ಎಲ್ಲಾ ಗುಜರಿಗೆ ಓಯ್ತಲ್ಲಮ್ಮಾ" ಎಂದು ನೊಂದುಕೊಂಡರು.

ಒಡೆಯುವ ಕಡಲತೀರಕ್ಕೆ ಹಡಗು ತನ್ನದೇ ಎಂಜಿನ್ನಿನಲ್ಲಿ ಹೊರಟಿತು. ಒಳಗೆ ಹದಿನೇಳು ಜನ ಸಿಬ್ಬಂದಿ, ಅವರಲ್ಲಿ ಲಿಯೋ ಒಬ್ಬರು. ಜೂನ್ ತಿಂಗಳು, ಮುಂಗಾರು ಶುರುವಾಗಿತ್ತು. ಮೂರನೆಯ ದಿನ ಮಧ್ಯಾಹ್ನ ಎಂಜಿನ್ ನಿಂತುಹೋಯಿತು. ಎಂಜಿನ್ ಇಲ್ಲದ ಹಡಗು ತಾನಾಗಿಯೇ ಅಲೆಗೆ ಪಕ್ಕೆ ಕೊಟ್ಟು ನಿಲ್ಲುತ್ತದೆ. ಅದಕ್ಕಿಂತ ಕೆಟ್ಟ ಸ್ಥಿತಿ ಇನ್ನೊಂದಿಲ್ಲ. ಎಂಜಿನ್ ಮತ್ತೆ ಹಿಡಿಯಲು ಐದು ಗಂಟೆ ಬೇಕಾಯಿತು. ದಡ ಮುಟ್ಟಿದ ದಿನ ಲಿಯೋ ನನಗೆ ಫೋನ್ ಮಾಡಿದರು. ಹಿಂದೆ ಗಾಳಿಯ ಸದ್ದಿತ್ತು.

"ಮೇಡಂ, ವಾಲಿಕೆ ತೋರಿಸುವ ಮುಳ್ಳಲ್ಲಿ ಮೂವತ್ನಾಲ್ಕು ಡಿಗ್ರಿ ನೋಡಿದೆ. ಒಂದ್ಸಲ ಅಲ್ಲ. ನಾನು ಜಪಮಾಲೆ ಹಿಡ್ಕೊಂಡು ಕೂತಿದ್ದೆ, ಸುಳ್ಳು ಹೇಳುವುದಿಲ್ಲ. ಪ್ರತಿ ಸಲ ಎದ್ದು ನಿಂತಳು ಮಾರಾಯ್ರೆ. ಯೋಚನೆಯೇ ಮಾಡ್ಲಿಲ್ಲ. ಪಟಕ್ ಅಂತ ನಿಂತಳು. ನಾವು ಹದಿನೇಳು ಜನವೂ ಇಳಿದೆವು."

ಫೋನ್ ಇಟ್ಟ ಮೇಲೆ ಹಳೆ ಡೆಕ್ಕುಗಳಿದ್ದಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿದೆ. ಮೂವತ್ನಾಲ್ಕು ಡಿಗ್ರಿಯಿಂದ ಆ ಹಡಗು ಏಳುತ್ತಿರಲಿಲ್ಲ. ಆ ಹಾಳೆಯನ್ನು ಮುರಳೀಧರ್ ಅವರ ಮೇಜಿನ ಮೇಲಿಟ್ಟು ಬಂದೆ. ಯಾವ ಟಿಪ್ಪಣಿಯನ್ನೂ ಬರೆಯಲಿಲ್ಲ.

ಈಗ ನಿವೃತ್ತಳಾಗಿದ್ದೇನೆ. ಕಾಲೇಜುಗಳಿಗೆ ಮಾತಾಡಲು ಕರೆದಾಗ, ಇಷ್ಟು ವರ್ಷದ ಕೆಲಸ ನಿಮಗೆ ಏನು ಕಲಿಸಿತು ಎಂದು ಕೇಳುತ್ತಾರೆ. ನಾನು ಹೇಳುವುದು ಇಷ್ಟು. ಕಾಗದ ಒಂದು ಹೇಳಿ ಹಡಗು ಇನ್ನೊಂದು ಹೇಳಿದರೆ ಹಡಗಿನ ಮಾತನ್ನು ನಂಬಿ. ನಂಬಿದ್ದನ್ನು ಯಾರ ಎದುರಿಗೆ ಹೇಳಬೇಕೋ ಅವರ ಮನೆಗೇ ಹೋಗಿ ಹೇಳಿ. ಹೇಳಿದ್ದಕ್ಕೆ ಯಾರಾದರೂ ಕ್ಷಮೆ ಕೇಳು ಎಂದರೆ, ಕೇಳಬೇಡಿ.